ಕಟ್ಟಿದವರೇ ಬಿಚ್ಚಬೇಕು

ಈಗ ನಾನು ಕೆಲಸ ಮಾಡುವ ಬೆಂಗಳೂರಿನ ಆಸ್ಪತ್ರೆಯಲ್ಲಿ ಬಿಳಿ ಪ್ಲಾಸ್ಟರ್ ಹಾಕುವುದು ಅಪರೂಪ. ಫೈಬರ್ ಕಟ್ಟು ಬಂದಿದೆ, ಹಗುರ, ನೀರು ಬಿದ್ದರೆ ಕರಗುವುದಿಲ್ಲ, ಮಕ್ಕಳು ಗುಲಾಬಿ ಬಣ್ಣವೇ ಬೇಕೆಂದು ಹಟ ಮಾಡುತ್ತಾರೆ. ಕಳೆದ ಜುಲೈನಲ್ಲಿ ಒಂದು ದಿನ ಫೈಬರ್ ದಾಸ್ತಾನು ಮುಗಿದು, ಸ್ಟೋರಿನವರು ಎಲ್ಲೋ ಮೂಲೆಯಲ್ಲಿದ್ದ ಹಳೆಯ ಪ್ಲಾಸ್ಟರ್ ಸುರುಳಿಗಳನ್ನು ಕಳಿಸಿಕೊಟ್ಟರು. ಉಗುರುಬೆಚ್ಚಗಿನ ನೀರಿನಲ್ಲಿ ಒಂದನ್ನು ಅದ್ದಿದೆ. ಗುಳ್ಳೆಗಳು ಮೇಲೆ ಬಂದು ನಿಂತವು. ಹಸಿ ಸುಣ್ಣದಂಥ ಆ ವಾಸನೆ ಮೂಗಿಗೆ ಬಡಿದದ್ದೇ ನನ್ನ ಕೈ ನೀರಿನೊಳಗೇ ನಿಂತುಬಿಟ್ಟಿತು.

“ನೀರು ತುಂಬ ಬಿಸಿ ಇದ್ಯಾ ಮೇಡಂ?” ಎಂದು ಕೇಳಿದ ನನ್ನ ಕೈಕೆಳಗೆ ಕಲಿಯುತ್ತಿರುವ ವೈದ್ಯ. ಇಲ್ಲ ಎಂದೆ. ನೀನೇ ಹಾಕು ಎಂದು ಅವನಿಗೆ ಬಿಟ್ಟುಕೊಟ್ಟು ಹೊರಗೆ ಬಂದು ಕಿಟಕಿಯ ಹತ್ತಿರ ನಿಂತೆ. ಆರೇಳು ವರ್ಷದ ಹಿಂದಿನ ಒಂದು ಮಳೆಗಾಲವನ್ನು ನಾನು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಅರ್ಧ ಹೇಳಿದ್ದೇನೆ, ನನಗೆ ಅನುಕೂಲವಾದ ಅರ್ಧ.

ಆಗ ನಾನು ಹೊಸಕೋಟೆಯಿಂದ ಅನುಗೊಂಡನಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಟ್ರಸ್ಟ್ ನಡೆಸುತ್ತಿದ್ದ ಸಣ್ಣ ಆಸ್ಪತ್ರೆಯಲ್ಲಿ ಮೂಳೆ ವೈದ್ಯೆ. ಆ ಆಸ್ಪತ್ರೆ ಈಗ ಇಲ್ಲ. ನಾನು ದೊಡ್ಡಬಳ್ಳಾಪುರದವಳು, ಮಗ್ಗದ ಸದ್ದಿನಲ್ಲೇ ಓದಿ ಡಾಕ್ಟರಾದವಳು. ಆದ್ದರಿಂದ ಸುತ್ತಿಗೆ, ಡ್ರಿಲ್ಲು, ಗರಗಸದ ಸದ್ದಿನ ಈ ವಿದ್ಯೆ ನನಗೆ ಸಲೀಸಾಗಿ ಒಗ್ಗಿತ್ತು. ಊರವರಿಗೆ ಮಾತ್ರ ನಾನು ಒಗ್ಗಿರಲಿಲ್ಲ.

“ಡಾಕ್ಟ್ರು ಎಲ್ಲವ್ವ?” ಎಂದು ಬಾಗಿಲಲ್ಲಿ ಒಬ್ಬ ಅಜ್ಜಿ.

“ನಾನೇ ಅಜ್ಜಿ.”

“ನೀನಲ್ಲ ಕಣವ್ವ, ಮೂಳೆ ಡಾಕ್ಟ್ರು.”

ದಿನಕ್ಕೊಂದಾದರೂ ಇಂಥದ್ದು ನಡೆಯುತ್ತಿತ್ತು. ಮೊದಮೊದಲು ನಗುತ್ತಿದ್ದೆ. ಆಮೇಲೆ ನಗು ಕಡಿಮೆಯಾಗಿ, ಗಂಡಸರಿಗಿಂತ ಹೆಚ್ಚು ಗಟ್ಟಿಯಾಗಿ ಮಾತಾಡುವ ಅಭ್ಯಾಸ ಬೆಳೆಯಿತು. ನನ್ನ ಮಾತು ಆಸ್ಪತ್ರೆಯಲ್ಲಿ ನಡೆಯಬೇಕೆಂಬ ಹಟವೂ ಅದರ ಜೊತೆಗೇ ಬೆಳೆಯಿತು. ಇದನ್ನು ಮುಂಚೆಯೇ ಹೇಳಿಬಿಡುವುದು ಒಳ್ಳೆಯದು.

ಕೆಲಸಕ್ಕೇನೂ ಬರವಿರಲಿಲ್ಲ. ಪಿಲ್ಲಗುಂಪೆಯ ಕಾರ್ಖಾನೆಗಳಿಂದ ಜಜ್ಜಿದ ಬೆರಳುಗಳು ಬರುತ್ತಿದ್ದವು. ಭಾನುವಾರ ನಸುಕಿನಲ್ಲಿ ಬಿರಿಯಾನಿ ತಿನ್ನಲು ಬೆಂಗಳೂರಿನಿಂದ ಬೈಕಿನಲ್ಲಿ ಹೊಸಕೋಟೆಗೆ ಹಾರಿಬರುವ ಯುವಕರಲ್ಲಿ ಒಬ್ಬಿಬ್ಬರಾದರೂ ಹೊಟ್ಟೆ ತುಂಬುವ ಮೊದಲೇ ನಮ್ಮಲ್ಲಿಗೆ ಬರುತ್ತಿದ್ದರು. ಆ ವರ್ಷ ಮಳೆ ಜೂನ್ ಮೊದಲ ವಾರವೇ ಹಿಡಿದುಕೊಂಡಿತು. ಭೋರೆಂದು ಸುರಿದು ಹೋಗುವ ಮಳೆಯಲ್ಲ, ದಿನವಿಡೀ ಜಿನುಗುವ ಮಳೆ. ಟಿಪ್ಪರ್ ಲಾರಿಗಳು ಚೆಲ್ಲಿದ ಮಣ್ಣು ಅದರಲ್ಲಿ ನೆನೆದು ರಸ್ತೆಗೆಲ್ಲ ಎಣ್ಣೆ ಸವರಿದಂತಾಗಿತ್ತು. ಅದೇ ವಾರ ನಮ್ಮ ಸಿ-ಆರ್ಮ್ ಯಂತ್ರ ಕೆಟ್ಟಿತು. ಆಪರೇಷನ್ ಮಾಡುವಾಗಲೇ ಮೂಳೆಯನ್ನು ಪರದೆಯ ಮೇಲೆ ತೋರಿಸುವ ಯಂತ್ರ ಅದು. ಅದಿಲ್ಲದೆ ಕಾಲಿಗೆ ರಾಡ್ ಹಾಕುವುದೆಂದರೆ ಕಣ್ಣು ಕಟ್ಟಿಕೊಂಡು ಸೂಜಿಗೆ ದಾರ ಪೋಣಿಸಿದಂತೆ. ರಿಪೇರಿಯವನು ಈ ವಾರ, ಮುಂದಿನ ವಾರ ಎನ್ನುತ್ತಲೇ ಇದ್ದ. ಯಂತ್ರಕ್ಕೆ ಹಸಿರು ಬಟ್ಟೆ ಹೊದಿಸಿ ಮೂಲೆಗೆ ತಳ್ಳಿದ್ದರು. ಹಾಗಾಗಿ ಆ ಮಳೆಗಾಲಕ್ಕೆ ನನ್ನ ಬಳಿ ಉಳಿದದ್ದು ಪ್ಲಾಸ್ಟರ್ ಒಂದೇ.

ಜೂನ್ ಕೊನೆಗೆ ಹತ್ತು ವರ್ಷದ ಒಬ್ಬ ಹುಡುಗಿಯನ್ನು ಅವಳಪ್ಪ ಹೊತ್ತು ತಂದ. ಮೊಣಕೈ ಮುರಿದು ಐದು ದಿನವಾಗಿತ್ತು. ನಾಟಿ ಕಟ್ಟು ಹಾಕಿಸಿದ್ದರು: ಮೊಟ್ಟೆಯ ಬಿಳಿಗೆ ಉದ್ದಿನ ಹಿಟ್ಟು ಕಲಸಿ ಬಟ್ಟೆಗೆ ಬಳಿದು, ಸುತ್ತ ಬಿದಿರಿನ ದಬ್ಬೆಗಳಿಟ್ಟು ಬಿಗಿದದ್ದು. ಬಿಚ್ಚಿ ನೋಡಿದರೆ ಬೆರಳ ತುದಿಗಳು ಕಪ್ಪಿಟ್ಟಿದ್ದವು. ಬೆಂಗಳೂರಿಗೆ ಕಳಿಸಿದೆವು. ಕೈ ಉಳಿಯಿತು, ಆದರೆ ಬೆರಳುಗಳು ಒಳಕ್ಕೆ ಮಡಚಿಕೊಂಡು ಹಾಗೇ ನಿಂತವು. ಬಿಗಿಯಾದ ಕಟ್ಟಿನಿಂದ ಕೈ ಹೀಗಾಗುತ್ತದೆಂದು ನೂರು ವರ್ಷಕ್ಕೂ ಹಿಂದೆಯೇ ಒಬ್ಬ ಜರ್ಮನ್ ವೈದ್ಯ ಬರೆದಿಟ್ಟಿದ್ದಾನೆ. ಪುಸ್ತಕದಲ್ಲಿ ನೋಡಿದ್ದ ಚಿತ್ರ ಆ ಮಗುವಿನ ತೋಳಿನಲ್ಲಿ ಕಂಡಾಗ ನನಗೆ ಬಂದದ್ದು ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು.

ನಮ್ಮ ಸುತ್ತಿನ ಹಳ್ಳಿಗಳಲ್ಲಿ ಕಟ್ಟು ಹಾಕುವವರೆಂದರೆ ಎಲ್ಲರ ಬಾಯಲ್ಲೂ ಒಂದೇ ಹೆಸರು, ಕಟ್ಟಿನ ಪಾಪಣ್ಣ. ಎಪ್ಪತ್ತು ದಾಟಿದ ರೈತ, ಅಪ್ಪನಿಂದ ಕಲಿತ ವಿದ್ಯೆ. ನಾನು ಟ್ರಸ್ಟಿನ ಕಾರ್ಯದರ್ಶಿಯನ್ನು ಹಿಡಿದುಕೊಂಡು ಅವನ ಊರಿನ ಹಾಲಿನ ಡೈರಿಯ ಮುಂದೆ ಜನರನ್ನು ಸೇರಿಸಿದೆ. ಹುಡುಗಿಯ ಕೈಯ ಫೋಟೋವನ್ನು ದೊಡ್ಡದಾಗಿ ಮಾಡಿಸಿ ತೋರಿಸಿದೆ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಮೊಟ್ಟೆ ಮತ್ತು ಉದ್ದಿನ ಹಿಟ್ಟಿನ ಬಗ್ಗೆ ತಮಾಷೆ ಮಾಡಿದೆ, ವಡೆ ಮಾಡುವ ಹಿಟ್ಟಿನಲ್ಲಿ ಮೂಳೆ ಕೂಡುತ್ತದಾ ಎಂದು. ಜನ ನಕ್ಕರು.

ನನಗೆ ಗೊತ್ತಿದ್ದ ಇನ್ನೊಂದು ವಿಷಯ ಹೇಳಲಿಲ್ಲ. ಯುರೋಪಿನ ದೊಡ್ಡ ದೊಡ್ಡ ಸೈನ್ಯದ ವೈದ್ಯರೂ ಒಂದು ಕಾಲದಲ್ಲಿ ಮೊಟ್ಟೆಯ ಬಿಳಿಯಲ್ಲೇ ಬಟ್ಟೆ ಅದ್ದಿ ಮುರಿದ ಕಾಲಿಗೆ ಸುತ್ತುತ್ತಿದ್ದರು. ಆಮೇಲೆ ಗಂಜಿ ಬಂತು, ಆಮೇಲೆ ಈ ಪ್ಲಾಸ್ಟರ್. ಮಹಾಯುದ್ಧದಲ್ಲಿ ಸೆರೆಸಿಕ್ಕ ಸೈನಿಕರು ತೊಡೆಯ ಮೂಳೆಯೊಳಗೆ ಶತ್ರುದೇಶದ ವೈದ್ಯರು ಹಾಕಿದ ಉದ್ದನೆಯ ಉಕ್ಕಿನ ಮೊಳೆ ಇಟ್ಟುಕೊಂಡು ತಮ್ಮ ದೇಶಕ್ಕೆ ನಡೆದುಕೊಂಡು ಬಂದಾಗ ಅಲ್ಲಿನ ವೈದ್ಯರು ಎಕ್ಸ್-ರೇ ನೋಡಿ ನಂಬದೆ ಹೋದರಂತೆ. ಶತ್ರುವಿನ ಹುಚ್ಚಾಟ ಅಂದುಕೊಂಡದ್ದನ್ನೇ ಆಮೇಲೆ ಎಲ್ಲರೂ ಕಲಿತರು. ನಮ್ಮ ವಿದ್ಯೆ ಬೆಳೆದದ್ದೆಲ್ಲ ಹೀಗೇ, ಯಾರದೋ ಹೊಲಸು ಕೆಲಸವೆಂದು ಮೂಗು ಮುರಿದದ್ದನ್ನು ನಾಳೆ ನಾವೇ ಮಾಡುತ್ತಾ. ನಮ್ಮ ಮೇಷ್ಟ್ರು ಇದನ್ನು ತರಗತಿಯಲ್ಲಿ ಹೇಳುವಾಗ ನಾನು ಬಾಯಿ ಬಿಟ್ಟುಕೊಂಡು ಕೇಳಿದ್ದೆ. ಡೈರಿಯ ಮುಂದೆ ಬಾಯಿ ಮುಚ್ಚಿಕೊಂಡೆ.

ಪಾಪಣ್ಣ ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದು ಎದ್ದುನಿಂತ.

“ಆ ಮಗೀಗೆ ನಾನ್ ಕಟ್ಟಿದ್ದಲ್ಲ ಕಣವ್ವ. ಮೊಬೈಲಲ್ ನೋಡ್ಕೊಂಡು ಯಾವನೋ ಕಟ್ಟವ್ನೆ. ಕೈ ಮ್ಯಾಲಿನ್ ಗುರ್ತು ನೋಡು, ನಮ್ ದಬ್ಬೆ ಇಷ್ಟ್ ಅಗ್ಲ ಇರಾಕಿಲ್ಲ.”

“ಯಾರು ಕಟ್ಟಿದ್ರೂ ಒಂದೇ ಪಾಪಣ್ಣ. ಇನ್ನು ಮೇಲೆ ನೀನು ಮುಟ್ಟಕೂಡದು.”

ಕಾರ್ಯದರ್ಶಿ ಮುಚ್ಚಳಿಕೆ ಬರೆಸಿಕೊಂಡು ಬಂದಿದ್ದರು: ಇನ್ನು ಯಾರ ಮುರಿದ ಕೈಕಾಲನ್ನೂ ಮುಟ್ಟುವುದಿಲ್ಲ, ಮುಟ್ಟಿದರೆ ಪೊಲೀಸರಿಗೆ ಒಪ್ಪಿಸಬಹುದು. ಪಾಪಣ್ಣ ಅದನ್ನು ಓದಿಸಿ ಕೇಳಿದ. ಹೆಬ್ಬೆಟ್ಟು ಒತ್ತಲಿಲ್ಲ, ನಿಧಾನವಾಗಿ ಅಕ್ಷರ ಕೂಡಿಸಿ ಸಹಿ ಮಾಡಿದ. ಮಾಡಿ ನನ್ನನ್ನು ಕೇಳಿದ:

“ಕಟ್ಟಿದ್ ಮೇಲೆ ಮೂರ್ ದಿನ ಮನೆಮನೆಗೋಗಿ ಉಗುರು ಒತ್ತಿ ನೋಡ್ತಿದ್ದೆ. ಇನ್ ಮ್ಯಾಕೆ ಯಾರ್ ನೋಡ್ತಾರೆ?”

“ಅದೆಲ್ಲ ನಾವು ನೋಡ್ಕೋತೀವಿ,” ಎಂದೆ.

ಮುಚ್ಚಳಿಕೆ ಆದರೂ ಜನ ನಾಟಿ ಕಟ್ಟು ಬಿಡುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಮುರಿದ ಮೊದಲ ದಿನ ಪೂರ್ತಿ ಸುತ್ತುಪ್ಲಾಸ್ಟರ್ ಹಾಕಬಾರದು, ಊತ ಬರುತ್ತದೆ. ಒಂದು ಪಕ್ಕಕ್ಕೆ ಅರ್ಧ ಪ್ಲಾಸ್ಟರ್ ಇಟ್ಟು ಬಟ್ಟೆ ಸುತ್ತಿ, ಊತ ಇಳಿದ ಮೇಲೆ ಪೂರ್ತಿ ಹಾಕಬೇಕು. ಇದು ಮೂಳೆ ವೈದ್ಯರ ಒಂದನೇ ತರಗತಿಯ ಪಾಠ. ಆದರೆ ಅರ್ಧ ಪ್ಲಾಸ್ಟರ್ ಹಾಕಿ ಕಳಿಸಿದರೆ ನಮ್ಮ ಜನ ಬಸ್ ಸ್ಟಾಂಡಿನಲ್ಲೇ ಬಟ್ಟೆ ಬಿಚ್ಚಿ ನಾಟಿ ಕಟ್ಟಿಗೆ ಹೋಗುತ್ತಿದ್ದರು. ಅದನ್ನು ತಪ್ಪಿಸಲು ನಾನು ಜುಲೈನಿಂದ ಮೊದಲ ದಿನವೇ ಪೂರ್ತಿ ಸುತ್ತತೊಡಗಿದೆ. ಹತ್ತಿಯನ್ನು ಸ್ವಲ್ಪ ದಪ್ಪಗೆ ಇಟ್ಟರಾಯಿತು ಎಂದು ನನ್ನ ಲೆಕ್ಕ.

ನಮ್ಮ ಹಿರಿಯ ನರ್ಸ್ ರತ್ನಮ್ಮ ಒಂದು ಸಲ ಕೇಳಿಯೂ ಕೇಳಿದರು. “ಇವತ್ತೇ ಪೂರ್ತಿ ಹಾಕ್ತಿದೀರಲ್ಲ ಮೇಡಂ?”

“ಗಟ್ಟಿ ಇದ್ರೆ ಅವ್ರಿಗೆ ಬಿಚ್ಚಕ್ಕಾಗಲ್ಲ ರತ್ನಮ್ಮ.”

ರತ್ನಮ್ಮ ಮುಂದಿನ ಸುರುಳಿಯನ್ನು ಬಕೆಟ್ಟಿನ ನೀರಿಗೆ ಅದ್ದಿದರು.

ಜೊತೆಗೆ ಇನ್ನೊಂದು ಜಾಣತನ ಮಾಡಿದೆ. ನಾಟಿ ಕಟ್ಟಿನವರಲ್ಲಿ ಒಂದು ಪದ್ಧತಿ ಇದೆ: ಕಟ್ಟಿದವರೇ ಬಿಚ್ಚಬೇಕು, ಬೇರೆ ಕೈ ಬಿದ್ದರೆ ಮೂಳೆ ತಪ್ಪುತ್ತದೆ. ಜನ ಅದನ್ನು ದೇವರ ಮಾತಿನ ಹಾಗೆ ನಂಬುತ್ತಿದ್ದರು. ಆ ನಂಬಿಕೆಯನ್ನೇ ನನ್ನ ಕಡೆಗೆ ತಿರುಗಿಸಿಕೊಂಡೆ. ಪ್ಲಾಸ್ಟರ್ ಹಾಕಿದ ಪ್ರತಿಯೊಬ್ಬರಿಗೂ ಹೇಳುತ್ತಿದ್ದೆ: “ನಿಮ್ಮಲ್ಲೇ ಇದೆಯಲ್ಲ, ಕಟ್ಟಿದವರೇ ಬಿಚ್ಚಬೇಕು ಅಂತ. ಇದನ್ನ ಕಟ್ಟಿದೋಳು ನಾನು. ನನ್ನ ಬಿಟ್ಟು ಇನ್ನೊಬ್ರು ಮುಟ್ಟಕೂಡದು.” ಅವರು ತಲೆ ಆಡಿಸುತ್ತಿದ್ದರು. ಮೊದಲ ಬಾರಿಗೆ ನನ್ನ ಮಾತು ಅವರಿಗೆ ಪೂರ್ತಿ ಅರ್ಥವಾಗಿತ್ತು.

ಜುಲೈ ಪೂರ್ತಿ ಹೀಗೇ ನಡೆಯಿತು. ಹದಿನೈದಿಪ್ಪತ್ತು ಪ್ಲಾಸ್ಟರ್ ಹಾಕಿರಬಹುದು, ಒಂದೂ ಕೆಡಲಿಲ್ಲ. ಒಂದಾದರೂ ಸ್ವಲ್ಪ ಕೆಟ್ಟಿದ್ದರೆ, ಒಂದು ಬೆರಳಾದರೂ ಊದಿ ನನ್ನನ್ನು ಹೆದರಿಸಿದ್ದರೆ, ನಾನು ನಿಲ್ಲಿಸುತ್ತಿದ್ದೆ. ಈಗಲೂ ಹಾಗೇ ಅಂದುಕೊಳ್ಳುತ್ತೇನೆ.

ಆಗಸ್ಟ್ ಎರಡನೇ ವಾರ, ಶುಕ್ರವಾರ ಮಧ್ಯಾಹ್ನ ಮಂಜುನಾಥ ಬಂದ. ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಮೆಷಿನ್ ನಡೆಸುವವನು, ಮೂವತ್ತರ ಆಸುಪಾಸು, ಪಾಪಣ್ಣನ ಊರಿನವನೇ. ಮೊದಲ ಶಿಫ್ಟ್ ಮುಗಿಸಿ ಬರುವಾಗ ಕೆಸರಿನಲ್ಲಿ ಬೈಕು ಜಾರಿ ಬಲಗಾಲಿನ ಮೇಲೆ ಬಿದ್ದಿತ್ತು. ಜೊತೆಗೆ ಹೆಂಡತಿ ಶೋಭಾ, ಸೊಂಟದ ಮೇಲೆ ವರ್ಷದ ಮಗು. ಎಕ್ಸ್-ರೇಯಲ್ಲಿ ಮೊಣಕಾಲ ಕೆಳಗಿನ ಎರಡೂ ಮೂಳೆ ಮುರಿದಿದ್ದವು, ಆದರೆ ಜಾಗ ಬಿಟ್ಟು ಕದಲಿರಲಿಲ್ಲ. ಚರ್ಮ ಹರಿದಿರಲಿಲ್ಲ. ಬೆಂಗಳೂರಿಗೆ ಹೋದರೆ ರಾಡ್ ಹಾಕುತ್ತಾರೆ ಎಂದೆ. ಅವನಿಗೆ ರಾಡ್ ಎಂದರೆ ಭಯ.

“ನಿಂತ್ಕೊಂಡೇ ಮಾಡೋ ಕೆಲ್ಸ ಮೇಡಂ ನಂದು, ಎಂಟ್ ಗಂಟೆ. ಕಾಲೊಂದು ನೆಟ್ಟಗೆ ಆಗ್ಲೇಬೇಕು. ನೀವೇ ಕಟ್ಟಿ.”

ನೀವೇ ಕಟ್ಟಿ ಎಂದು ಒಬ್ಬ ಗಂಡಸು ಕೇಳಿದ್ದು ನನಗೆ ಹಿತವಾಯಿತು. ತೊಡೆಯವರೆಗೆ ಪೂರ್ತಿ ಪ್ಲಾಸ್ಟರ್ ಸುತ್ತಿದೆ, ಕೈಯಿಂದ ಸವರಿ ನುಣುಪು ಮಾಡಿದೆ. ಎಂಥ ಚೆಂದದ ಪ್ಲಾಸ್ಟರ್ ಅದು, ಒಂದು ಸುಕ್ಕಿರಲಿಲ್ಲ. ಅವನನ್ನು ಎರಡು ದಿನ ಆಸ್ಪತ್ರೆಯಲ್ಲೇ ಇರಿಸಿಕೊಂಡು ನೋಡಬೇಕಿತ್ತು. ಡೆಂಗಿ ಜ್ವರದವರಿಂದ ಹಾಸಿಗೆಗಳೆಲ್ಲ ತುಂಬಿದ್ದವು. ಸೂಚನೆಗಳ ಅಚ್ಚು ಹಾಕಿಸಿದ ಚೀಟಿಯನ್ನು ಶೋಭಾಳ ಕೈಗೆ ಕೊಟ್ಟು ಮನೆಗೆ ಕಳಿಸಿದೆ.

“ನೋವು ಜಾಸ್ತಿ ಆದ್ರೆ ಏನ್ ಮಾಡ್ಬೇಕು ಮೇಡಂ?” ಎಂದು ಅವಳು ಕೇಳಿದಳು.

“ಮೂಳೆ ಮುರಿದಿದೆ, ನೋವಾಗ್ದೆ ಇರತ್ತಾ? ಮಾತ್ರೆ ಇದೆ. ಚೀಟೀಲಿ ಎಲ್ಲಾ ಬರ್ದಿದೆ ಓದ್ಕೊಳ್ಳಿ.” ಆಮೇಲೆ ಎಂದಿನ ಮಾತನ್ನು ಹೇಳಿದೆ, ನನ್ನ ಬಿಟ್ಟು ಇನ್ನೊಬ್ಬರು ಮುಟ್ಟಕೂಡದು ಎಂದು. ಮಂಜುನಾಥ ಕೈ ಮುಗಿದ.

ಮಾರನೆಯ ದಿನ ನಾನು ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿದ್ದೆ. ಮೊಣಕಾಲಿನ ಕೀಲು ಬದಲಿಸುವ ರೋಬೋ ಬಂದಿತ್ತು, ಅದನ್ನು ಮೂಳೆ ವೈದ್ಯರಿಗೆ ತೋರಿಸುವ ಎರಡು ದಿನದ ಸಮ್ಮೇಳನ. ಪ್ಲಾಸ್ಟಿಕ್ ಮೊಣಕಾಲನ್ನು ಮೇಜಿಗೆ ಬಿಗಿದು, ಯಂತ್ರದ ತೋಳು ಅದನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕತ್ತರಿಸುವುದನ್ನು ತೋರಿಸುತ್ತಿದ್ದರು. ಗೆರೆ ದಾಟಿದರೆ ಯಂತ್ರವೇ ನಿಂತುಬಿಡುತ್ತದೆ, ವೈದ್ಯನ ಕೈ ತಪ್ಪಲು ಬಿಡುವುದಿಲ್ಲ ಎಂದರು. ನನಗೂ ಒಂದು ಸಲ ಹಿಡಿಯಲು ಕೊಟ್ಟರು. ಚಪ್ಪಾಳೆ ತಟ್ಟಿದರು. ಸದ್ದು ಅಡಗಿಸಿದ ಫೋನು ಬ್ಯಾಗಿನಲ್ಲಿತ್ತು.

ಅದೇ ಹೊತ್ತಿಗೆ ಮಂಜುನಾಥನ ಮನೆಯಲ್ಲಿ ಏನು ನಡೆಯುತ್ತಿತ್ತು ಎನ್ನುವುದನ್ನು ಶೋಭಾ ನನಗೆ ಆಮೇಲೆ ಹೇಳಿದಳು. ಅವನು ಬೆಳಗಿನವರೆಗೆ ಹಲ್ಲು ಕಚ್ಚಿಕೊಂಡು ನರಳಿದ್ದ. ಸುದ್ದಿ ಕೇಳಿ ಬೆಳಿಗ್ಗೆ ಪಾಪಣ್ಣ ಬಂದ. ಒಳಗೆ ಬರಲಿಲ್ಲ, ಹೊಸ್ತಿಲಾಚೆ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

“ನಾನ್ ಮುಟ್ಟಂಗಿಲ್ಲ. ನೀನೇ ಹೆಬ್ಬೆಟ್ಟಿನ ಉಗುರು ಒತ್ತಿ ಬಿಡವ್ವ.”

ಶೋಭಾ ಒತ್ತಿ ಬಿಟ್ಟಳು. ಉಗುರು ಬೆಳ್ಳಗಾಯಿತು.

“ಕೆಂಪು ತಿರುಗ್ತಾ?”

“ಇಲ್ಲ ತಾತ.”

“ಬೆರಳು ಮೇಲಕ್ಕೆ ಎತ್ತವ್ವ ಒಸಿ.”

ಎತ್ತಿದ್ದಕ್ಕೆ ಮಂಜುನಾಥ ಕಿರುಚಿಬಿಟ್ಟ. ಪಾಪಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡ.

“ಈಗಿಂದೀಗ್ಲೇ ಆಸ್ಪತ್ರೆಗೋಗಿ ಬಿಚ್ಚಿಸ್ಕಳ್ಳಿ. ಯಾರಾದ್ರೂ ಸರಿ, ಬಿಚ್ಲಿ.”

“ಕಟ್ಟಿದೋರೇ ಬಿಚ್ಬೇಕು ಅಂತ ನೀನೇ ಹೇಳ್ತಿದ್ದೆ ತಾತ,” ಎಂದ ಮಂಜುನಾಥ.

“ಕಾಲಿದ್ರಲ್ವೇನ್ಲಾ ಪದ್ಧತಿ!”

ಆಟೋದಲ್ಲಿ ಬಂದರು. ಡ್ಯೂಟಿಯಲ್ಲಿದ್ದದ್ದು ವಿನಯ್, ಓದು ಮುಗಿಸಿ ವರ್ಷವಾಗಿದ್ದ ಹುಡುಗ ಡಾಕ್ಟರು. ಬೆರಳು ನೋಡಿದವನೇ ಪ್ಲಾಸ್ಟರ್ ಕತ್ತರಿಸುವ ಯಂತ್ರ ತಂದ. ಅದರ ಗರ್ ಎನ್ನುವ ಸದ್ದಿಗೇ ಮಂಜುನಾಥ ಎದ್ದು ಕುಳಿತು ಎರಡು ಕೈಯಿಂದ ಕಾಲನ್ನು ಅಪ್ಪಿಕೊಂಡ. “ಮೇಡಂ ಬರ್ಲಿ. ನೀವ್ ಮುಟ್ಬೇಡಿ ಸಾರ್. ಮೂಳೆ ತಪ್ಪೋದ್ರೆ ನನ್ ಕೆಲ್ಸ ಹೋಯ್ತು.” ಬಿಚ್ಚಿಸಿಕೊಳ್ಳಿ ಎಂದು ಶೋಭಾ ಅವನ ಪಾದ ಹಿಡಿದುಕೊಂಡು ಅತ್ತಳು. ಮಂಜುನಾಥ ಅವಳನ್ನು ಎಲ್ಲರೆದುರು ಬೈದು ಸುಮ್ಮನಾಗಿಸಿದ. ವಿನಯ್ ನನಗೆ ನಾಲ್ಕು ಸಲ ಫೋನ್ ಮಾಡಿದ. ಕೊನೆಗೆ ರೋಗಿ ಒಪ್ಪಲಿಲ್ಲ ಎಂದು ಬರೆದು ಸಹಿ ತೆಗೆದುಕೊಂಡು, ನೋವಿಗೆ ಇಂಜೆಕ್ಷನ್ ಕೊಟ್ಟ. ನೋವು ತಗ್ಗಿತು. ಅವರು ಮನೆಗೆ ಹೋದರು.

ಸಂಜೆ ಆರಕ್ಕೆ ಫೋನ್ ತೆಗೆದು ನೋಡಿ ನಾನೇ ಮಾಡಿದೆ.

“ಬೆರಳು ಆಡಿಸ್ತಿದ್ನಾ ವಿನಯ್?”

“ಸ್ವಲ್ಪ ಆಡಿಸ್ದ ಅನ್ಸತ್ತೆ ಮೇಡಂ. ಇಂಜೆಕ್ಷನ್ ಆದ್ಮೇಲೆ ನೋವು ಕಮ್ಮಿ ಅಂದ. ಆದ್ರೂ ನಂಗೆ ಅದು ಸರಿ ಕಾಣಲಿಲ್ಲ. ನೀವೊಂದ್ಸಲ ಬರಕ್ಕಾಗತ್ತಾ?”

ಇಲ್ಲಿ ನಾನು ನಿಜ ಹೇಳಬೇಕು. ಕಾರಿತ್ತು. ಒಂದೂವರೆ ಗಂಟೆಯ ದಾರಿ. ಹೋಗದೆ ಇದ್ದದ್ದು ಸಮ್ಮೇಳನದ ಊಟದ ಆಸೆಗಲ್ಲ, ದಣಿವಿಗೂ ಅಲ್ಲ. ನಾನು ಕಟ್ಟಿದ ಪ್ಲಾಸ್ಟರನ್ನು ಮಾರನೆಯ ದಿನವೇ ಕತ್ತರಿಸಬೇಕಾಯಿತು ಎಂದು ಪಾಪಣ್ಣನ ಊರಿನಲ್ಲಿ ಸುದ್ದಿಯಾಗುವುದು ನನಗೆ ಬೇಡವಾಗಿತ್ತು. ಮನಸ್ಸಿನಲ್ಲಿ ಅದು ಇಷ್ಟು ಸ್ಪಷ್ಟವಾಗಿ ಬರಲಿಲ್ಲ. ನೋವು ಕಡಿಮೆಯಾಗಿದೆಯಲ್ಲ ಎಂಬ ಸಮಾಧಾನದ ವೇಷದಲ್ಲಿ ಬಂತು. “ಸೋಮವಾರ ಬೆಳಿಗ್ಗೆ ಮೊದಲು ಅವನನ್ನೇ ನೋಡ್ತೀನಿ,” ಎಂದೆ.

ಕಾಲಿನ ಸ್ನಾಯುಗಳು ಹಿಗ್ಗದ ಗಟ್ಟಿ ಪೊರೆಗಳೊಳಗೆ ಇರುತ್ತವೆ. ಒಳಗೆ ಊತ ಬಂದು ಹೊರಗೂ ಜಾಗವಿಲ್ಲದಿದ್ದರೆ ರಕ್ತ ಒಳಗೆ ಹೋಗಲಾರದು. ಮೊದಲು ಸಹಿಸಲಾಗದ ನೋವು ಬರುತ್ತದೆ, ಆ ನೋವೇ ಕರೆಗಂಟೆ. ಕೆಲವೇ ಗಂಟೆಗಳಲ್ಲಿ ಬಿಗಿ ಬಿಡಿಸಿ ಪೊರೆ ಸೀಳಿದರೆ ಕಾಲು ಉಳಿಯುತ್ತದೆ. ಬಿಟ್ಟರೆ ನರ ಸಾಯುತ್ತದೆ, ಆಗ ನೋವು ನಿಂತುಹೋಗುತ್ತದೆ. ಇಷ್ಟು ರೋಬೋ, ಇಷ್ಟು ಟೈಟಾನಿಯಂ ಬಂದರೂ ಇದನ್ನು ಹಿಡಿಯುವ ಮೊದಲ ಸಾಧನ ಇವತ್ತಿಗೂ ಹತ್ತಿರ ನಿಂತು ನೋಡುವ ಒಬ್ಬ ಮನುಷ್ಯನೇ. ಭಾನುವಾರ ಮಂಜುನಾಥನ ನೋವು ಪೂರ್ತಿ ನಿಂತಿತು. ಅವನು ಹೊಟ್ಟೆ ತುಂಬ ಉಂಡು ಮಲಗಿದ. ಹಾದಿಯಲ್ಲಿ ಹೋಗುವವರಿಗೆಲ್ಲ, ನೋಡ್ರಪ್ಪ ಮೇಡಂ ಕಟ್ಟಿದ್ದು ಎಂದು ತೋರಿಸಿದನಂತೆ.

ಸೋಮವಾರ ಬೆಳಿಗ್ಗೆ ಎಂಟೂವರೆಗೇ ಗಾಲಿಕುರ್ಚಿಯಲ್ಲಿ ಕುಳಿತಿದ್ದ. ನನ್ನನ್ನು ಕಂಡು ಮುಖವೆಲ್ಲ ಅರಳಿತು.

“ನೋವು ಒಂಚೂರೂ ಇಲ್ಲ ಮೇಡಂ. ಆ ಸಾರ್ ಬಿಚ್ಚಕ್ ಬಂದ್ರು, ಪಾಪಣ್ಣನೂ ಬಿಚ್ಚು ಬಿಚ್ಚು ಅಂದ. ನಾನ್ ಯಾರ್ಗೂ ಮುಟ್ಟಕ್ ಬಿಡ್ಲಿಲ್ಲ.”

ಶಾಲೆಯ ಹುಡುಗ ಶಹಬ್ಬಾಸ್‌ಗಿರಿಗೆ ಕಾಯುವ ಹಾಗೆ ನನ್ನ ಮುಖ ನೋಡುತ್ತಿದ್ದ. ನಾನು ಅವನ ಬೆರಳು ಮುಟ್ಟಿದೆ. ಬೆಳಗಿನ ಕಲ್ಲಿನಷ್ಟು ತಣ್ಣಗಿತ್ತು. ಚಿವುಟಿದೆ. ಅವನು ನಗುತ್ತಲೇ ಇದ್ದ. ರತ್ನಮ್ಮ ನನಗಿಂತ ಮುಂಚೆ ಮುಖ ತಿರುಗಿಸಿದರು. ಯಂತ್ರ ಹಿಡಿದು ಉದ್ದಕ್ಕೂ ಸೀಳಿದೆ. ಪ್ಲಾಸ್ಟರ್ ಎರಡು ಹೋಳಾಗಿ ಬಿಚ್ಚಿಕೊಂಡ ಮೇಲೆ ಶೋಭಾ ಮಗುವಿನ ಕಣ್ಣು ಮುಚ್ಚಿದಳು. ಆ ಕಾಲಿನ ಬಣ್ಣವನ್ನು ಬರೆಯಲಾರೆ.

ಬೆಂಗಳೂರಿಗೆ ಆಂಬ್ಯುಲೆನ್ಸಿನಲ್ಲಿ ನಾನೂ ಹೋದೆ. ಅಲ್ಲಿನ ಹಿರಿಯ ವೈದ್ಯರು ಪೊರೆ ಸೀಳಿ ನೋಡಿದರು, ಎರಡು ದಿನ ಕಾದರು. ಬುಧವಾರ ಕಾಲನ್ನು ಮೊಣಕಾಲ ಕೆಳಗೆ ತೆಗೆದರು.

ಟ್ರಸ್ಟಿನವರು ವಿಚಾರಣೆ ಇಟ್ಟರು. ಮೂವರು ಕುಳಿತಿದ್ದರು. ಅಚ್ಚು ಹಾಕಿಸಿದ ಚೀಟಿ ತೋರಿಸಿದರು, ಅದರಲ್ಲಿ ನೋವು, ಊತ, ಬೆರಳಿನ ಬಣ್ಣ ಎಲ್ಲವೂ ಇತ್ತು. ರೋಗಿ ಒಪ್ಪಲಿಲ್ಲ ಎಂಬ ಸಹಿ ಇತ್ತು. ಆಮೇಲೆ ಶೋಭಾಳನ್ನು ಕೇಳಿದರು:

“ನಾಟಿ ಕಟ್ಟಿನವನು ನಿಮ್ಮ ಮನೆಗೆ ಬಂದಿದ್ದನಾ?”

“ಬಂದಿದ್ರು ಸಾರ್. ಅವ್ರೇ ಹೇಳಿದ್ದು ಬಿಚ್ಚಿಸ್ಕಳ್ಳಿ ಅಂತ.”

“ಬಂದಿದ್ದ. ಅಷ್ಟು ಸಾಕಮ್ಮ.”

ವರದಿ ಬಂತು. ಸೂಚನೆಗಳನ್ನು ಸರಿಯಾಗಿ ಕೊಡಲಾಗಿತ್ತು. ಮುಚ್ಚಳಿಕೆ ಕೊಟ್ಟಿದ್ದರೂ ನಾಟಿ ಕಟ್ಟಿನವನು ರೋಗಿಯ ಮನೆಗೆ ಹೋಗಿ ಮಧ್ಯೆ ಪ್ರವೇಶಿಸಿದ್ದರಿಂದ ಗೊಂದಲವಾಗಿ ಚಿಕಿತ್ಸೆ ತಡವಾಯಿತು. ಮೊದಲ ದಿನವೇ ಪೂರ್ತಿ ಪ್ಲಾಸ್ಟರ್ ಯಾಕೆ ಹಾಕಿದಿರಿ ಎಂದು ಆ ಮೂವರಲ್ಲಿ ಯಾರೂ ಕೇಳಲಿಲ್ಲ. ಅವರು ಮೂಳೆ ವೈದ್ಯರಲ್ಲ. ಓದಿಕೊಂಡು ಸಹಿ ಹಾಕಿ ಎಂದು ಕಾಗದವನ್ನು ನನ್ನ ಮುಂದೆ ಇಟ್ಟರು. ಓದಿದೆ. ಒಂದೊಂದು ಸಾಲೂ ಸುಳ್ಳಲ್ಲ, ಎಲ್ಲ ಸೇರಿದರೆ ಸುಳ್ಳು. ಸಹಿ ಹಾಕಿದೆ.

ಊರಿನವರು ಪಾಪಣ್ಣನನ್ನು ದೂರವಿಟ್ಟರು. ಪೊಲೀಸರು ಬರಲಿಲ್ಲ, ಯಾರೂ ಹೊಡೆಯಲಿಲ್ಲ, ಅಂಥದ್ದೇನೂ ಆಗಲಿಲ್ಲ. ಅವನು ಡೈರಿಗೆ ಹಾಲು ಹಾಕಲು ಬಂದರೆ ಮಾತು ನಿಲ್ಲುತ್ತಿತ್ತಂತೆ, ಅಷ್ಟೇ. ಡಿಸೆಂಬರಿಗೆ ನನ್ನ ಒಪ್ಪಂದ ಮುಗಿಯಿತು, ನಾನು ಬೆಂಗಳೂರಿಗೆ ಬಂದೆ. ಎರಡು ವರ್ಷದ ಮೇಲೆ ಪಾಪಣ್ಣ ತೀರಿಕೊಂಡ ಸುದ್ದಿಯನ್ನು ರತ್ನಮ್ಮ ಫೋನಿನಲ್ಲಿ ಹೇಳಿದರು. ಹೇಳಿ, ನಾನು ಏನಾದರೂ ಅನ್ನುತ್ತೇನೆಂದು ಕಾದರು.

ಕಳೆದ ತಿಂಗಳು ಬೂದಿಗೆರೆಯಲ್ಲಿ ಕೃತಕ ಕಾಲು ಜೋಡಿಸುವ ಶಿಬಿರವಿತ್ತು. ಹೋಗಿದ್ದೆ. ಸಾಲಿನಲ್ಲಿ ಮಂಜುನಾಥ ಕುಳಿತಿದ್ದ, ತಲೆಗೂದಲು ನೆರೆತಿತ್ತು. ಕಾರ್ಖಾನೆಯ ಕೆಲಸ ಹೋಗಿ ಈಗ ಒಂದು ಗೋದಾಮಿನ ಗೇಟು ಕಾಯುತ್ತಾನೆ. ಹಿಂದೆ ಶೋಭಾ, ಪಕ್ಕದಲ್ಲಿ ಅಂದಿನ ಆ ಮಗು, ಈಗ ಶಾಲೆಗೆ ಹೋಗುವ ಹುಡುಗಿ.

“ನಾನ್ ಹೇಳ್ತಿರ್ಲಿಲ್ವಾ ಪುಟ್ಟಿ, ಇವ್ರೇ ಆ ಡಾಕ್ಟ್ರು,” ಎಂದ ಮಗಳಿಗೆ. “ಮೇಡಂ ಕಟ್ಟಿದ್ದು ಸರಿಯಾಗೇ ಇತ್ತು. ಆ ಮುದ್ಕ ಮನೇಗ್ ಬಂದು ಕೆಡಿಸ್ಬಿಟ್ಟ.”

ಶೋಭಾ ನೆಲ ನೋಡಿದಳು. ಈ ಮಾತಿನ ಮೇಲೆ ಅವಳು ಎಷ್ಟು ಸಲ ಜಗಳವಾಡಿ ಸೋತು ಸುಮ್ಮನಾಗಿದ್ದಳೋ. ವರದಿಯ ಸುಳ್ಳು ಇಷ್ಟು ವರ್ಷದಲ್ಲಿ ಅವನ ಸ್ವಂತ ನೆನಪೇ ಆಗಿಹೋಗಿತ್ತು.

“ಪಾಪಣ್ಣ ಏನೂ ಕೆಡಿಸ್ಲಿಲ್ಲ ಮಂಜುನಾಥ,” ಎಂದೆ. “ಅವ್ನು ಹೇಳಿದ್ದೇ ಸರಿ. ಆ ಪ್ಲಾಸ್ಟರನ್ನ ನಾನು ಅವತ್ತು ಹಾಗೆ ಹಾಕ್ಲೇಬಾರ್ದಾಗಿತ್ತು. ಯಾರೂ ಮುಟ್ಟಬಾರ್ದು ಅಂದಿದ್ದೂ ನಂದೇ ತಪ್ಪು. ಶನಿವಾರ ಗೊತ್ತಾದ್ಮೇಲೂ ನಾನು ಬರ್ಲಿಲ್ಲ.”

ಇಷ್ಟು ಹೇಳಿದರೆ ಅವನು ಬೈಯಬಹುದು, ಹೊಡೆಯಲೂಬಹುದು ಎಂದುಕೊಂಡಿದ್ದೆ. ಅದಕ್ಕೆ ಸಿದ್ಧಳಾಗಿದ್ದೆ. ಅವನು ಹಾಗೇನೂ ಮಾಡದೆ, ಮೊಣಕಾಲ ಕೆಳಗೆ ಮಡಚಿದ್ದ ಪ್ಯಾಂಟನ್ನು ಸರಿಮಾಡಿಕೊಂಡ. ಆಮೇಲೆ ಕೇಳಿದ:

“ಅಂಗಾರೆ ಅವತ್ತು ಆ ಸಾರ್ ಬಿಚ್ತೀನಿ ಅಂತ ಬಂದಾಗ ನಾನ್ ಬಿಟ್ಟಿದ್ರೆ ಕಾಲು ಉಳೀತಿತ್ತಾ?”

ಈ ಪ್ರಶ್ನೆಗೆ ನಾನು ಸಿದ್ಧಳಾಗಿರಲಿಲ್ಲ. ಶೋಭಾ ಅವನ ಬೆನ್ನ ಹಿಂದಿನಿಂದ ನನ್ನ ಕಡೆ ನೋಡಿ, ಬೇಡ ಎಂದು ಮೆಲ್ಲಗೆ ತಲೆ ಆಡಿಸಿದಳು. ಆಗಲೇ ತಡವಾಗಿತ್ತು ಎನ್ನಬಹುದಿತ್ತು, ಗೊತ್ತಿಲ್ಲ, ಹೇಳಲಿಕ್ಕಾಗದು ಎನ್ನಬಹುದಿತ್ತು. ಅವನೆದುರು ಇನ್ನೊಂದು ಸುಳ್ಳಿಗೆ ನನ್ನಲ್ಲಿ ಜಾಗವಿರಲಿಲ್ಲ.

“ಉಳೀತಿತ್ತು,” ಎಂದೆ.

ಅವನು ಮಗಳ ಕಡೆ ತಿರುಗಿ, “ಹೋಗಮ್ಮ, ಆಚೆ ನೀರಿಟ್ಟವ್ರೆ, ಕುಡ್ಕೊಂಡ್ ಬಾ,” ಎಂದು ಕಳಿಸಿದ. ಹುಡುಗಿ ಬಾಗಿಲು ದಾಟುವವರೆಗೆ ಕಾದ.

“ಇವ್ಳು ಅವತ್ತು ಕಾಲ್ ಹಿಡ್ಕೊಂಡು ಕೇಳ್ಕೊಂಡ್ಳು ಮೇಡಂ,” ಎಂದ. “ನಾನೇ ಬೈದು ಸುಮ್ನೆ ಕೂರಿಸ್ದೆ.”